ಕಿರಾಣಿ, ಕಾಯಿಪಲ್ಲೆಗೆ ಯಾವ ಚೀಲ ಒಳ್ಳೆಯದು?

ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಬರಿಗೈಲಿ ಹೋದರೆ ಸುಲಭವಾಗಿ ಸಿಗುವುದು ನಾನ್‌ವೋವನ್ ಚೀಲ. ಮುಟ್ಟಿದರೆ ಬಟ್ಟೆಯ ಹಾಗೇ ಇರುತ್ತದೆ, ಬಟ್ಟೆ ಚೀಲ ಎಂದೇ ಮಾರುತ್ತಾರೆ. ಆದರೆ ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು. ಅಂಚಿನಿಂದ ಎಳೆ ಬಿಡಿಸಲು ನೋಡಿ: ಹಾಸೂ ಇಲ್ಲ, ಹೊಕ್ಕೂ ಇಲ್ಲ, ಶಾಖ ಕೊಟ್ಟು ಒತ್ತಿದ ಸಣ್ಣ ಚುಕ್ಕಿಗಳಷ್ಟೇ. ಬೆರಳಗಲದ ತುಂಡಿಗೆ ಬೆಂಕಿ ತಾಗಿಸಿದರೆ ಮುದುಡಿ, ಕರಗಿ ಹನಿಯುತ್ತದೆ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ.

ನಾನ್‌ವೋವನ್ ಚೀಲ ಚದರ ಮೀಟರ್‌ಗೆ 60 ಗ್ರಾಂಗಿಂತ ಕಡಿಮೆ ಇರಬಾರದು ಎಂಬ ನಿಯಮ 2021ರ ಸೆಪ್ಟೆಂಬರ್ 30ರಿಂದ ಇದೆ. ಅಂಗಡಿಯ ಕಾಟಾದಲ್ಲೇ ಪರೀಕ್ಷಿಸಬಹುದು. 40×35 ಸೆಂ.ಮೀ. ಅಳತೆಯ, ತಳದಲ್ಲಿ ಮಡಿಕೆಯಿಲ್ಲದ ಹತ್ತು ಚೀಲ ಒಟ್ಟಿಗೆ ಇಡಿ. ಹಿಡಿಕೆ ಸೇರಿಯೂ 168 ಗ್ರಾಂ ಮುಟ್ಟದಿದ್ದರೆ ಮಾಲು ತೆಳ್ಳಗಿನದು. ಅಂಥದ್ದರಲ್ಲಿ 5 ಕಿಲೋ ಜೋಳ ಹಾಕಿದರೆ ಹಿಡಿಕೆಯ ಬುಡದಲ್ಲೇ ಹರಿಯುತ್ತದೆ. ನಮ್ಮ ಬಿಸಿಲಂತೂ ಇದಕ್ಕೆ ಶತ್ರು. ಗಾಡಿಯ ಹ್ಯಾಂಡಲ್‌ಗೋ ಬಾಲ್ಕನಿಯ ಮೊಳೆಗೋ ನೇತುಹಾಕಿ ಬೇಸಿಗೆ ಕಳೆದರೆ ಹಿಡಿದಲ್ಲೆಲ್ಲ ಉದುರುತ್ತದೆ, ಆ ಪುಡಿಯೂ ಪ್ಲಾಸ್ಟಿಕ್ಕೇ. ಹೊಸದಾಗಿ ಕೊಳ್ಳಬೇಡಿ. ಮದುವೆಯಲ್ಲಿ, ಸೀರೆ ಅಂಗಡಿಯಲ್ಲಿ ಕೊಟ್ಟದ್ದು ಮನೆಯಲ್ಲಿದ್ದರೆ ಎಸೆಯದೆ ಹರಿಯುವ ತನಕ ಬಳಸಿ.

ಮಣ್ಣಲ್ಲಿ ಗೊಬ್ಬರವಾಗಿ ‘ಕರಗುವ’ ಕ್ಯಾರಿಬ್ಯಾಗ್‌ಗೆ ಕೊಡುವಷ್ಟು ದುಡ್ಡಿಗೆ ಅದರಿಂದ ಪ್ರಯೋಜನವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಅಚ್ಚಾಗಿಲ್ಲದಿದ್ದರೆ ಮುಟ್ಟಲೇಬೇಡಿ. ಅಸಲಿ ಚೀಲವನ್ನೂ ಪರೀಕ್ಷಿಸುವುದು 58 ಡಿಗ್ರಿ ಆಸುಪಾಸಿನ ಬಿಸಿ ಗೊಬ್ಬರದಲ್ಲಿ. ಹಿತ್ತಲ ಗುಂಡಿಗೆ ಆ ಕಾವು ಬರುವುದಿಲ್ಲ, ಚರಂಡಿಗೆ ಬಿದ್ದರೆ ಉಳಿದ ಪ್ಲಾಸ್ಟಿಕ್ಕಿನಂತೆಯೇ ನೀರು ಕಟ್ಟುತ್ತದೆ.

ಹತ್ತಿ ಚೀಲಕ್ಕೂ ಅದರದೇ ಲೆಕ್ಕವಿದೆ. ಹತ್ತಿ ಬೆಳೆಯಲು, ನೂಲಲು, ನೇಯಲು ನೀರೂ ಕರೆಂಟೂ ಬಹಳ ಬೇಕು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಭೂಮಿಯ ಬಿಸಿ ಏರಿಸುವ ಪರಿಣಾಮ ಕಡಿಮೆಯಾಗಬೇಕಾದರೆ ಹತ್ತಿ ಚೀಲವನ್ನು 131 ಸಲ, ನಾನ್‌ವೋವನ್ ಚೀಲವನ್ನು 11 ಸಲ ಬಳಸಬೇಕು. ವಾರಕ್ಕೆರಡು ಸಲ ಸಂತೆಗೆ ಒಯ್ದರೆ 131ಕ್ಕೆ ಒಂದೂಕಾಲು ವರ್ಷ ಬೇಕು. ಅಲ್ಲಿಯವರೆಗೆ ಬಾಳದ ಹತ್ತಿ ಚೀಲ ಕೊಂಡದ್ದೇ ದಂಡ. ಹಾಗಾಗಿ ಹೊಲಿಗೆ ನೋಡಿ ಕೊಳ್ಳಿ. ಹಿಡಿಕೆಯ ಪಟ್ಟಿ ಬಾಯಿಯ ಅಂಚಿನಲ್ಲೇ ನಿಂತಿರಬಾರದು, ತಳ ಸುತ್ತಿ ಆಚೆ ಬದಿಗೆ ಬಂದಿರಬೇಕು. ಕೂಡುವಲ್ಲಿ ಚೌಕ ಹಾಕಿ ನಡುವೆ ಅಡ್ಡಗೆರೆ ಹೊಲಿದಿರಬೇಕು. ಒಂಟಿ ಸಾಲಿನ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಬಟ್ಟೆ ಗಡುಸಾಗಿದ್ದರೆ ಉಜ್ಜಿ ನೋಡಿ: ಬಿಳಿ ಪುಡಿ ಉದುರಿದರೆ ಅದು ಗಂಜಿ, ಒಗೆದ ಮೇಲೆ ಜೋಲುಬೀಳುತ್ತದೆ.

ನಮ್ಮ ಮೊದಲ ಆಯ್ಕೆ ಮಾತ್ರ ಹಳೆಯ ಚಾದರಿನಿಂದ ದರ್ಜಿ ಹೊಲಿದ ಚೀಲ. ಹತ್ತಿ ಬೆಳೆದ ಖರ್ಚೆಲ್ಲ ಚಾದರಿನ ಲೆಕ್ಕಕ್ಕೇ ಹೋಗಿರುತ್ತದೆ. ದೊಡ್ಡದೊಂದು, ಅದರೊಳಗೆ ಮಡಚಿಟ್ಟ ಚಿಕ್ಕವು ನಾಲ್ಕು ಇದ್ದರೆ ಸಾಕು. ಚಿಕ್ಕವು ಇಲ್ಲದಿದ್ದರೆ ಟೊಮ್ಯಾಟೊ, ಹಸಿಮೆಣಸಿನಕಾಯಿಗೆ ಮತ್ತೆ ಪ್ಲಾಸ್ಟಿಕ್ ಕೇಳಬೇಕಾಗುತ್ತದೆ. ಪುಂಡಿಪಲ್ಲೆ, ಮೆಂತ್ಯಕ್ಕೆ ಚೀಲವನ್ನು ನೀರಲ್ಲಿ ಅದ್ದಿ ಹಿಂಡಿ ಒಯ್ಯಿರಿ, ಬಿಸಿಲಲ್ಲೂ ಬೇಗ ಬಾಡುವುದಿಲ್ಲ. ಮನೆಗೆ ಬಂದ ಕೂಡಲೇ ಒಣಹಾಕಿ, ಹಸಿಯಾಗಿ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ತೊಗರಿ ಬ್ಯಾಳಿಗೆ ಬಟ್ಟೆ ಚೀಲ ಒಯ್ದರೆ ತೂಕದ ಮೇಲೆ ಕಣ್ಣಿರಲಿ. 120 ಗ್ರಾಂನ ಚೀಲವನ್ನು ಸೇರಿಸಿ ತೂಗಿದರೆ ಕಿಲೋಗೆ 120 ಗ್ರಾಂ ಬ್ಯಾಳಿ ಹೋಯಿತು. ಖಾಲಿ ಚೀಲ ಇಟ್ಟು ಟೇರ್ ಗುಂಡಿ ಒತ್ತಿ ಸೊನ್ನೆ ತೋರಿಸಲು ಹೇಳಿ, ಇಲ್ಲವೇ ತಟ್ಟೆಯಲ್ಲಿ ತೂಗಿಸಿ ಸುರಿಸಿಕೊಳ್ಳಿ. ಡಬ್ಬಿ ಒಯ್ಯುವುದಾದರೆ 1 ಕಿಲೋಗೆ ಒಂದೂವರೆ ಲೀಟರ್‌ನದು ಸಾಕು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಳಿ ಈ ಊರಿನದು, ಮೂಟೆಯಿಂದ ಬಿಡಿಯಾಗಿ ಇಲ್ಲೇ ಸಿಗುತ್ತದೆ. ಪಾಕೀಟಿನದ್ದೇ ಬೇಕೆನ್ನಲು ನಮಗಂತೂ ಕಾರಣ ಕಾಣುವುದಿಲ್ಲ.