ಪರ್ಸಿಯೋ, ಲಂಪ್ಕಿನ್ನೋ?

ಅಮೆರಿಕದ ದಕ್ಷಿಣದ ಜಮೀನ್ದಾರಿ ಮನೆತನಗಳ ಇಳಿಗಾಲವನ್ನು ಒಳಗಿನವರ ಬಾಯಲ್ಲೇ ಕೇಳಬೇಕೆ? ವಿಲಿಯಂ ಅಲೆಕ್ಸಾಂಡರ್ ಪರ್ಸಿಯ ‘ಲ್ಯಾಂಟರ್ನ್ಸ್ ಆನ್ ದ ಲೆವೀ’ (1941) ಎಂಬ ಆತ್ಮಕಥನ ಕವಿಯ ಗದ್ಯ, ಓದಲು ಸೊಗಸು. ಆದರೆ ಕಪ್ಪು ಜನರ ಮಾತು ಬಂದಲ್ಲೆಲ್ಲ ಧಣಿಯ ಧಾಟಿ. 1927ರ ಮಿಸಿಸಿಪಿ ಪ್ರವಾಹದಲ್ಲಿ ಗ್ರೀನ್‌ವಿಲ್ ಊರಿನ ಪರಿಹಾರ ಸಮಿತಿಗೆ ಅವನೇ ಮುಖ್ಯಸ್ಥ; ಅಲ್ಲಿ ಕಪ್ಪು ನಿರಾಶ್ರಿತರನ್ನು ನಡೆಸಿಕೊಂಡ ರೀತಿಗೆ ಟೀಕೆ ಕೇಳಿದವನು. ಹಾಗಾಗಿ ಆ ಅಧ್ಯಾಯವನ್ನು ಆರೋಪಿಯ ಹೇಳಿಕೆಯಂತೆ ಓದಿ.

ಕ್ಯಾಥರೀನ್ ಡು ಪ್ರೆ ಲಂಪ್ಕಿನ್ ಸಮಾಜಶಾಸ್ತ್ರಜ್ಞೆ. ‘ದ ಮೇಕಿಂಗ್ ಆಫ್ ಎ ಸದರ್ನರ್’ (1946) ಎಂಬ ಅವಳ ಆತ್ಮಕಥನ ಶೈಲಿಯಲ್ಲಿ ಕೊಂಚ ಒಣ, ನೋಟದಲ್ಲಿ ಹರಿತ. ಆಸ್ತಿ ಕರಗಿದರೂ ದಕ್ಷಿಣ ಸೋತ ಅಂತರ್ಯುದ್ಧದ ಗುಣಗಾನ ಬಿಡದ ಅಪ್ಪ ಅವಳದು. ಅದೇ ಅಪ್ಪ ಮನೆಯ ಕಪ್ಪು ಅಡುಗೆಯವಳನ್ನು ಬಡಿಯುವುದನ್ನು ಮಗುವಾಗಿದ್ದ ಲಂಪ್ಕಿನ್ ಕಾಣುತ್ತಾಳೆ. ಆ ಒಂದೆರಡು ಪುಟ ಪರ್ಸಿಯ ಇಡೀ ಹಳಹಳಿಕೆಗಿಂತ ತೂಕದ್ದು. ಭಾಷೆಯ ರುಚಿಗೆ ಪರ್ಸಿ ಸಾಕು. ಒಂದನ್ನೇ ಕೊಳ್ಳುವುದಾದರೆ ಲಂಪ್ಕಿನ್.