ಏರಿಯಾ 88: ಆರ್ಕೇಡ್‌ನದ್ದು ಚೆನ್ನವೋ, ಸೂಪರ್ ಫ್ಯಾಮಿಕಾಮ್‌ನದ್ದೋ?

ಟೋಕಿಯೋದಲ್ಲಿ ಕೆಲಸಕ್ಕಿದ್ದಾಗ ಒಂದು ಹಳೆಯ ಆರ್ಕೇಡ್‌ನಲ್ಲಿ (ನಾಣ್ಯ ಹಾಕಿ ಗೇಮ್ ಆಡುವ ಜಾಗ) ಕ್ಯಾಪ್‌ಕಾಮ್ ಕಂಪನಿಯ ಯುದ್ಧವಿಮಾನದ ವಿಡಿಯೋ ಗೇಮ್ 'ಏರಿಯಾ 88' ನನಗೆ ಹುಚ್ಚು ಹಿಡಿಸಿತು. ಆಮೇಲೆ ಮನೆಯಲ್ಲಿ ಆಡೋಕೆ ಅಂತ ನಿಂಟೆಂಡೋದ ಗೇಮ್ ಯಂತ್ರ ಸೂಪರ್ ಫ್ಯಾಮಿಕಾಮ್‌ಗೆ ಬಂದ ಅದರ ಕಾರ್ಟ್ರಿಜ್ ಕೂಡ ಕೊಂಡೆ. ಜಪಾನಿನ ಹೊರಗೆ ಇದೇ ಗೇಮ್ 'ಯು.ಎನ್. ಸ್ಕ್ವಾಡ್ರನ್'. ಎರಡನ್ನೂ ಸಾಕಷ್ಟು ಆಡಿದ್ದೇನೆ. ನನಗೆ ಕಾರ್ಟ್ರಿಜ್‌ದೇ ಜಾಸ್ತಿ ಇಷ್ಟ.

ಕಾರಣ ಮೂಲ ಕಥೆಯಲ್ಲೇ ಇದೆ. ಗೇಮ್‌ಗೆ ಆಧಾರವಾದ ಕಾವೊರು ಶಿಂತಾನಿಯವರ ಮಾಂಗಾದಲ್ಲಿ (ಜಪಾನೀ ಕಾಮಿಕ್ಸ್) ಗೆಳೆಯನೇ ಮೋಸದಿಂದ ಸಹಿ ಹಾಕಿಸಿ ಪೈಲಟ್ ಶಿನ್ ಕಝಾಮಾನನ್ನು ಅಸ್ಲಾನ್ ಎಂಬ ಕಾಲ್ಪನಿಕ ದೇಶದ ಬಾಡಿಗೆ ಸೈನ್ಯಕ್ಕೆ ತಳ್ಳುತ್ತಾನೆ. ಬಿಡುಗಡೆ ಬೇಕಾದರೆ ಮೂರು ವರ್ಷ ಜೀವ ಉಳಿಸಿಕೊಳ್ಳಬೇಕು, ಇಲ್ಲವೇ 15 ಲಕ್ಷ ಡಾಲರ್ ಕಟ್ಟಬೇಕು. ವೈರಿ ವಿಮಾನ ಉರುಳಿಸಿದರೆ ದುಡ್ಡು. ಆದರೆ ಮಿಸೈಲು, ಗುಂಡು ಎಲ್ಲ ಸ್ವಂತ ಖರ್ಚು!

1989ರ ಆರ್ಕೇಡ್ ನೋಡೋಕೆ ತುಂಬ ಚಂದ. ದೊಡ್ಡ ದೊಡ್ಡ ಚಿತ್ರ, ಇಬ್ಬರು ಒಟ್ಟಿಗೆ ಆಡಬಹುದು. ಆಯುಧ ಕೊಳ್ಳೋಕೆ ಅಲ್ಲೂ ಅಂಗಡಿ ಇದೆ. ಆದರೆ ವಿಮಾನ ಬದಲಿಸುವಂತಿಲ್ಲ: ಶಿನ್‌ಗೆ ಟೈಗರ್‌ಶಾರ್ಕ್, ಅವನ ಜೊತೆಯ ಪೈಲಟ್‌ಗಳಾದ ಮಿಕ್ಕಿಗೆ ಟಾಮ್‌ಕ್ಯಾಟ್, ಗ್ರೆಗ್‌ಗೆ ಎ-10.

1991ರ ಕಾರ್ಟ್ರಿಜ್‌ನಲ್ಲಿ ಈ ಮೂವರಲ್ಲಿ ಯಾರನ್ನು ಆರಿಸಿದರೂ ಮೊದಲು ಸಿಗೋದು ಹಳೆಯ ಎಫ್-8 ಕ್ರುಸೇಡರ್. ಮುಂದಿನದನ್ನು ದುಡಿದೇ ಕೊಳ್ಳಬೇಕು. ಮ್ಯಾಪ್‌ನಲ್ಲಿ ಯಾವ ಗುರಿಗೆ ಮೊದಲು ಹೋಗೋದು ಅಂತಲೂ ನಾವೇ ತೀರ್ಮಾನಿಸಬೇಕು. ಮುದುಕ ಮೆಕಾಯ್‌ನ ಅಂಗಡಿಯಲ್ಲಿ ನಾನು ಎಷ್ಟೋ ಸಲ ಬಾಂಬಿನ ಮೇಲೆ ಕರ್ಸರ್ ಇಟ್ಟು, ಬೇಡ ಅಂತ ಹಿಂದೆ ಸರಿದಿದ್ದೇನೆ. ಈಗ ಖರ್ಚು ಮಾಡಿದರೆ ಎ-10 ಕೊಳ್ಳೋದು ಯಾವಾಗ? ಅದರ ಗನ್ ಕೆಳಮುಖವಾಗಿಯೂ ಹೊಡೆಯುತ್ತದೆ, ಟ್ಯಾಂಕ್‌ಗಳು ಬಂದಾಗ ಅದೇ ಬೇಕು. ಎಲ್ಲಕ್ಕಿಂತ ದುಬಾರಿ ಎಫ್-200 ಇಫ್ರೀತ್‌ಗೆ 10 ಲಕ್ಷ ಡಾಲರ್. ಶಿನ್‌ನ ಬಿಡುಗಡೆಯ ಹಣದಲ್ಲಿ ಮೂರರಲ್ಲಿ ಎರಡು ಪಾಲು, ಅಲ್ವಾ? ಅದನ್ನು ಕೊಳ್ಳುವಾಗ ನನ್ನ ಕೈ ನಿಜಕ್ಕೂ ತಡೆಯಿತು. ಮಾಂಗಾ ಓದುವಾಗ ಹೊಟ್ಟೆಯಲ್ಲಿ ಆಗುತ್ತಿದ್ದ ಸಂಕಟವೇ ಅದು.

ಏಟು ಬಿದ್ದಾಗಲೂ ಹಾಗೆಯೇ. ಒಂದು ಏಟಿಗೆ 'ಡೇಂಜರ್' ಅಂತ ಮಿನುಗುತ್ತದೆ. ಕೆಲವು ಸೆಕೆಂಡ್ ಹೇಗಾದರೂ ತಪ್ಪಿಸಿಕೊಂಡರೆ ಚೇತರಿಕೆ, ಅಷ್ಟರಲ್ಲಿ ಇನ್ನೊಂದು ತಗುಲಿದರೆ ಕಥೆ ಮುಗಿಯಿತು. ಆರ್ಕೇಡ್‌ನ ಎನರ್ಜಿ ಬಾರ್‌ನಲ್ಲಿ ಈ ಉಸಿರು ಬಿಗಿಹಿಡಿಯುವ ಕ್ಷಣ ಇಲ್ಲ.

ಕೊರತೆಯೂ ಇದೆ. ಪರದೆ ತುಂಬಿದಾಗ ಆಟ ನಿಧಾನವಾಗುತ್ತದೆ, ಆಡೋಕೆ ಒಬ್ಬರಿಗೇ ಅವಕಾಶ. ಪಕ್ಕದಲ್ಲಿ ಗೆಳೆಯರಿದ್ದರೆ ಆರ್ಕೇಡ್‌ಗೇ ಹೋಗಿ. ಒಬ್ಬರೇ ಇದ್ದರೆ ಕಾರ್ಟ್ರಿಜ್ ಹಾಕಿ, ಮೊದಲ ಸಲ ಗ್ರೆಗ್‌ನನ್ನು ಆರಿಸಿ. ಏಟು ತಿಂದರೂ ಅವನು ಬೇಗ ಸುಧಾರಿಸಿಕೊಳ್ಳುತ್ತಾನೆ.