ಟ್ಯಾಲೆಂಡ್ ಓಪನ್ ಸ್ಟುಡಿಯೊ: ದೀರ್ಘ ಬಳಕೆಯ ನಂತರ ಅದರ ಮುಖ್ಯ ವಿಂಡೋ ಕುರಿತು

ಟ್ಯಾಲೆಂಡ್ ಓಪನ್ ಸ್ಟುಡಿಯೊದ ಡೇಟಾ ಇಂಟಿಗ್ರೇಷನ್ ತಂತ್ರಾಂಶವನ್ನು ನಾನು 2016ರಿಂದ, ಅದರ ಆರನೆಯ ಸರಣಿಯಿಂದ ಎಂಟನೆಯ ಸರಣಿಯವರೆಗೆ, ಹೆಚ್ಚುಕಡಿಮೆ ಪ್ರತಿ ಕೆಲಸದ ದಿನವೂ ಬಳಸಿದ್ದೇನೆ. ಪತ್ತಿನ ಸಹಕಾರ ಸಂಘಗಳಿಂದ ಬರುವ ಸದಸ್ಯರ ಪಟ್ಟಿ, ಠೇವಣಿ ಮತ್ತು ಸಾಲದ ವಿವರಗಳನ್ನು ಎಕ್ಸೆಲ್ ಹಾಗೂ ಸಿಎಸ್‌ವಿ ಕಡತಗಳಿಂದ ತೆಗೆದು, ತಪ್ಪುಗಳನ್ನು ಸರಿಪಡಿಸಿ, ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಸೇರಿಸುವುದು ನನ್ನ ಕೆಲಸ. ಈ ತಂತ್ರಾಂಶದ ಶಕ್ತಿಯ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಅದನ್ನು ತೆರೆದಾಗ ಮೊದಲು ಎದುರಾಗುವ ವಿಂಡೋದಲ್ಲಿ ಯಾವುದು ಎಲ್ಲಿದೆ, ಏಕೆ ಅಲ್ಲಿದೆ ಎಂಬುದನ್ನು ಬಿಡಿಸಿ ಹೇಳಿದ ಬರಹಗಳು ನನಗೆ ಹೆಚ್ಚು ಸಿಗಲಿಲ್ಲ. ಹೊಸಬರು ಸೋತು ಕೈಬಿಡುವುದು ಸಾಮಾನ್ಯವಾಗಿ ಅಲ್ಲಿಯೇ ಆದ್ದರಿಂದ, ಈ ವಿಮರ್ಶೆಯನ್ನು ಅದಕ್ಕೇ ಮೀಸಲಿಡುತ್ತೇನೆ.

ಇದು ಜಾವಾ ಪ್ರೋಗ್ರಾಂ ಬರೆಯುವವರು ಬಳಸುವ ಎಕ್ಲಿಪ್ಸ್ ಎಂಬ ತಂತ್ರಾಂಶದ ಮೇಲೆ ಕಟ್ಟಿದ್ದು. ಜಾವಾ ಬರೆದು ಅಭ್ಯಾಸವಿರುವವರಿಗೆ ಪರಿಚಿತವೆನಿಸುವ ಈ ವಿನ್ಯಾಸ ಉಳಿದವರಿಗೆ ಮೊದಲ ನೋಟಕ್ಕೆ ದಟ್ಟಣೆಯಾಗಿ ಕಾಣುತ್ತದೆ. ಎಡಗಡೆ ರೆಪಾಸಿಟರಿ ಎಂಬ ಮರದಾಕಾರದ ಪಟ್ಟಿ, ನಡುವೆ ಜಾಬ್ (ದತ್ತಾಂಶ ಹಾದುಹೋಗುವ ಹಂತಗಳ ಚಿತ್ರ) ಬಿಡಿಸುವ ಖಾಲಿ ಹಾಳೆ, ಬಲಗಡೆ ಕಾಂಪೊನೆಂಟುಗಳ (ಜಾಬಿನ ಒಂದೊಂದು ಹಂತದ ಕೆಲಸ ಮಾಡುವ ಬಿಡಿಭಾಗಗಳ) ಪ್ಯಾಲೆಟ್, ಕೆಳಗಡೆ ಜಾಬ್, ಕಾಂಟೆಕ್ಸ್ಟ್ಸ್, ಕಾಂಪೊನೆಂಟ್, ರನ್ ಮುಂತಾದ ಟ್ಯಾಬುಗಳ ಸಾಲು, ಎಡ ಮೂಲೆಯಲ್ಲಿ ಔಟ್‌ಲೈನ್. ಇಷ್ಟನ್ನು ಯಾರಾದರೂ ಒಂದು ಗಂಟೆಯಲ್ಲಿ ಗುರುತಿಸಬಲ್ಲರು. ಗುರುತಿಸಿದ ಮಾತ್ರಕ್ಕೆ ದಾರಿ ತಿಳಿಯುವುದಿಲ್ಲ ಎನ್ನುವುದು ನನಗೆ ಅರ್ಥವಾಗಲು ಕೆಲವು ತಿಂಗಳುಗಳೇ ಬೇಕಾದವು.

ನಾನು ಕಂಡುಕೊಂಡ ಮುಖ್ಯ ಸಂಗತಿ ಇದು: ಈ ವಿಂಡೋದ ಕೆಳಭಾಗಕ್ಕೆ ಸ್ವಂತದ್ದೆಂಬ ವಿಷಯವಿಲ್ಲ; ಮೇಲಿನ ಹಾಳೆಯಲ್ಲಿ ನೀವು ಯಾವುದನ್ನು ಆರಿಸಿರುವಿರೋ ಅದರ ವಿವರವನ್ನು ಮಾತ್ರ ಅದು ತೋರಿಸುತ್ತದೆ. ಕಡತ ಓದುವ ಕಾಂಪೊನೆಂಟಿನ ಚಿಹ್ನೆಯ ಮೇಲೆ ಕ್ಲಿಕ್ ಮಾಡಿದರೆ ಕಾಂಪೊನೆಂಟ್ ಟ್ಯಾಬಿನಲ್ಲಿ ಕಡತದ ವಿಳಾಸ, ಅಂಕಣಗಳನ್ನು ಬೇರ್ಪಡಿಸುವ ಚಿಹ್ನೆ, ಸ್ಕೀಮಾ (ಅಂಕಣಗಳ ರಚನೆ) ಬರುತ್ತವೆ. ಕೈ ತುಸು ಜಾರಿ, ಕಾಂಪೊನೆಂಟುಗಳ ಗುಂಪನ್ನು ಸುತ್ತುವರಿದಿರುವ ತಿಳಿನೀಲಿ ಚೌಕದ ಮೇಲೆ ಕ್ಲಿಕ್ ಆದರೆ, ಅದೇ ಟ್ಯಾಬಿನಲ್ಲಿ ಸಬ್‌ಜಾಬಿನ (ಆ ಗುಂಪಿನ) ಶೀರ್ಷಿಕೆಯಂತಹ ಎರಡು ಮೂರು ಆಯ್ಕೆಗಳಷ್ಟೇ ಉಳಿಯುತ್ತವೆ. ನಾನು ಕಲಿಸಿದವರಲ್ಲಿ ಹಲವರು ಈ ಹಂತದಲ್ಲಿ "ಸೆಟ್ಟಿಂಗ್ಸ್ ಎಲ್ಲಾ ಹೋಗಿಬಿಟ್ಟಿವೆ ಸರ್" ಎಂದು ಗಾಬರಿಯಿಂದ ಕರೆದಿದ್ದಾರೆ. ಏನೂ ಹೋಗಿರುವುದಿಲ್ಲ. ಕೆಳಗೆ ನೋಡುವ ಮುನ್ನ ಮೇಲೆ ಯಾವುದು ಆಯ್ಕೆಯಾಗಿದೆ ಎಂದು ನೋಡುವ ಅಭ್ಯಾಸವೊಂದು ಕೂಡಿಬಂದರೆ, ಈ ವಿಂಡೋದ ಅರ್ಧ ಗೊಂದಲ ಕಳೆಯುತ್ತದೆ.

ಉಳಿದರ್ಧ ಗೊಂದಲ ರೆಪಾಸಿಟರಿಗೆ ಸಂಬಂಧಿಸಿದ್ದು. ಅದರಲ್ಲಿ ಜಾಬ್ ಡಿಸೈನ್ಸ್, ಕಾಂಟೆಕ್ಸ್ಟ್ಸ್, ಕೋಡ್, ಮೆಟಾಡೇಟಾ ಎಂಬ ಕೊಂಬೆಗಳಿವೆ. ಡೇಟಾಬೇಸಿನ ವಿಳಾಸ, ಬಳಕೆದಾರರ ಹೆಸರು, ಕಡತದ ಅಂಕಣಗಳ ರಚನೆ ಇವನ್ನು ಮೆಟಾಡೇಟಾದಲ್ಲಿ ಒಮ್ಮೆ ಬರೆದಿಟ್ಟು, ಅಲ್ಲಿಂದ ಹಾಳೆಯ ಮೇಲೆ ಎಳೆದು ತಂದರೆ, ಯಾವ ಕಾಂಪೊನೆಂಟ್ ಬೇಕೆಂದು ಕೇಳಿ ಎಲ್ಲ ಜಾಗಗಳನ್ನೂ ತಾನೇ ತುಂಬುತ್ತದೆ. ಹಾಗೆ ಮಾಡದೆ ಕಾಂಪೊನೆಂಟ್ ಟ್ಯಾಬಿನಲ್ಲಿಯೇ ನೇರವಾಗಿ ಬರೆದರೆ ಆ ವಿವರ ಆ ಒಂದು ಜಾಗಕ್ಕೆ ಮಾತ್ರ ಸೇರಿದ್ದಾಗುತ್ತದೆ. ಮೊದಲನೆಯದಕ್ಕೆ 'ರೆಪಾಸಿಟರಿ' ಎಂದೂ ಎರಡನೆಯದಕ್ಕೆ 'ಬಿಲ್ಟ್-ಇನ್' ಎಂದೂ ಟ್ಯಾಬಿನ ಮೇಲ್ತುದಿಯ ಸಣ್ಣ ಪಟ್ಟಿಯೊಂದು ಸೂಚಿಸುತ್ತದೆ. ಆ ಒಂದು ಪದವನ್ನು ಗಮನಿಸದೆ ನಾನು ಮೊದಲ ವರ್ಷ ನಲವತ್ತಕ್ಕೂ ಹೆಚ್ಚು ಜಾಬ್‌ಗಳಲ್ಲಿ ಸಂಪರ್ಕದ ವಿವರಗಳನ್ನು ಕೈಯಾರೆ ತುಂಬಿದ್ದೆ. ಸರ್ವರ್ ಬದಲಾದ ದಿನ ಒಂದೊಂದನ್ನೂ ತೆರೆದು ತಿದ್ದಬೇಕಾಯಿತು. ರೆಪಾಸಿಟರಿಯಲ್ಲಿಟ್ಟಿದ್ದರೆ ಒಂದೇ ಕಡೆ ತಿದ್ದಿ, ಬದಲಾವಣೆಯನ್ನು ಎಲ್ಲ ಜಾಬ್‌ಗಳಿಗೂ ಅನ್ವಯಿಸಬೇಕೆ ಎಂಬ ಪ್ರಶ್ನೆಗೆ ಹೌದು ಎಂದರೆ ಮುಗಿಯುತ್ತಿತ್ತು.

ಪ್ಯಾಲೆಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೂರಾರು ಕಾಂಪೊನೆಂಟುಗಳ ಆ ಪಟ್ಟಿಯಲ್ಲಿ ಹುಡುಕುತ್ತಾ ಕೂರುವುದಕ್ಕಿಂತ, ಹಾಳೆಯ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ ಟಿಮ್ಯಾಪ್ (ಅಂಕಣಗಳನ್ನು ಹೊಂದಿಸಿ ಬದಲಿಸುವ ಕಾಂಪೊನೆಂಟ್) ಅಥವಾ ಟಿಲಾಗ್‌ರೋ (ಸಾಲುಗಳನ್ನು ತೋರಿಸುವ ಕಾಂಪೊನೆಂಟ್) ಎಂದು ಹೆಸರನ್ನೇ ಟೈಪ್ ಮಾಡಿದರೆ ಅದು ಅಲ್ಲಿಯೇ ಸಿಗುತ್ತದೆ.

ಕನ್ನಡದಲ್ಲಿ ದತ್ತಾಂಶ ಇರುವವರು ವಿಶೇಷವಾಗಿ ಗಮನಿಸಬೇಕಾದ ಒಂದು ಜಾಗವಿದೆ. ಕಾಂಪೊನೆಂಟ್ ಟ್ಯಾಬಿನ ಒಳಗೆ ಎಡಬದಿಯಲ್ಲಿ ಬೇಸಿಕ್ ಸೆಟ್ಟಿಂಗ್ಸ್, ಅದರ ಕೆಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಇರುತ್ತವೆ. ಸಿಎಸ್‌ವಿ ಕಡತ ಓದುವ ಕಾಂಪೊನೆಂಟಿನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಕಡತದಲ್ಲಿ ಸಂಕೇತವಾಗಿ ಉಳಿಸುವ ಪದ್ಧತಿ) ಆಯ್ಕೆ ಇರುವುದು ಈ ಎರಡನೆಯದರಲ್ಲಿ, ಮತ್ತು ಅಲ್ಲಿ ಮೊದಲೇ ಇರುವ ಮೌಲ್ಯ ಪಶ್ಚಿಮ ಯುರೋಪಿನ ಲಿಪಿಗಳಿಗೆ ಹೊಂದುವ ಐಎಸ್‌ಒ-8859-15. ಅದನ್ನು ಯುಟಿಎಫ್-8ಕ್ಕೆ ಬದಲಿಸದಿದ್ದರೆ ಕನ್ನಡದ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತವೆ, ಜಾಬ್ ಮಾತ್ರ ಯಾವ ದೋಷವನ್ನೂ ಹೇಳದೆ ಪೂರ್ಣಗೊಳ್ಳುತ್ತದೆ. ನಾನು ಆ ಪುಟವನ್ನು ತೆರೆದೇ ನೋಡಿರಲಿಲ್ಲವಾದ್ದರಿಂದ ಒಂದು ಸಂಘದ ಸದಸ್ಯರ ಪೂರ್ತಿ ಪಟ್ಟಿಯನ್ನು ಹಾಗೆಯೇ ಡೇಟಾಬೇಸಿಗೆ ಸೇರಿಸಿದ್ದೆ. ಪಾಸ್‌ಬುಕ್ ಮುದ್ರಿಸುವ ಹಿಂದಿನ ದಿನ ಅದು ಕಣ್ಣಿಗೆ ಬಿತ್ತು. ವಿಂಡೋಸ್ ಗಣಕದಲ್ಲಿ ಕಡತ ಸರಿಯಾಗಿದ್ದರೂ ರನ್ ಟ್ಯಾಬಿನ ಔಟ್‌ಪುಟ್‌ನಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸುವುದುಂಟು. ಆಗ ರನ್ ಟ್ಯಾಬಿನದೇ ಅಡ್ವಾನ್ಸ್ಡ್ ಸೆಟ್ಟಿಂಗ್ಸಿಗೆ ಹೋಗಿ, ಜಾವಾಕ್ಕೆ ಕೊಡುವ ಆರ್ಗ್ಯುಮೆಂಟುಗಳಲ್ಲಿ ಕಡತದ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸಬೇಕು. ಒಂದೇ ಹೆಸರಿನ ಪುಟ ಎರಡು ಟ್ಯಾಬುಗಳಲ್ಲಿ ಇರುವುದರಿಂದ, ಯಾರಿಗಾದರೂ ಫೋನಿನಲ್ಲಿ ದಾರಿ ಹೇಳುವಾಗ ಟ್ಯಾಬಿನ ಹೆಸರನ್ನೂ ಸೇರಿಸಿ ಹೇಳುವುದು ಅಗತ್ಯ.

ಈ ವಿಂಡೋದಲ್ಲಿ ನನಗೆ ತುಂಬ ಇಷ್ಟವಾದದ್ದು ಜಾಬ್ ಓಡುವ ಹೊತ್ತು. ಎಫ್6 ಒತ್ತಿದೊಡನೆ, ಒಂದು ಕಾಂಪೊನೆಂಟಿನಿಂದ ಇನ್ನೊಂದಕ್ಕೆ ಎಳೆದ ಗೆರೆಯ ಮೇಲೆಯೇ ಎಷ್ಟು ಸಾಲುಗಳು ಹಾದುಹೋದವು, ಸೆಕೆಂಡಿಗೆ ಎಷ್ಟರಂತೆ ಹೋದವು ಎಂಬ ಅಂಕಿಗಳು ಏರುತ್ತಾ ಕಾಣುತ್ತವೆ. ಟಿಮ್ಯಾಪ್‌ಗೆ 5,000 ಸಾಲು ಹೋಗಿ 4,870 ಮಾತ್ರ ಹೊರಬಂದರೆ, ಕಳೆದುಹೋದ 130 ಸದಸ್ಯರನ್ನು ಎಲ್ಲಿ ಹುಡುಕಬೇಕೆಂದು ಚಿತ್ರವೇ ತೋರಿಸಿಕೊಡುತ್ತದೆ. ಲೆಕ್ಕ ತಾಳೆಯಾಗಲೇಬೇಕಾದ ಸಹಕಾರ ಸಂಘಗಳ ಕೆಲಸದಲ್ಲಿ ಇದರ ಬೆಲೆ ದೊಡ್ಡದು. ಹಾಳೆಯ ಕೆಳತುದಿಯಲ್ಲಿ ಡಿಸೈನರ್ ಪಕ್ಕದಲ್ಲಿರುವ ಕೋಡ್ ಎಂಬ ಟ್ಯಾಬನ್ನು ಒತ್ತಿದರೆ ನೀವು ಬಿಡಿಸಿದ ಚಿತ್ರ ಯಾವ ಜಾವಾ ಕೋಡ್ ಆಗಿದೆ ಎಂಬುದೂ ಪೂರ್ತಿಯಾಗಿ ಕಾಣುತ್ತದೆ. ಅಲ್ಲಿ ತಿದ್ದಲು ಬರುವುದಿಲ್ಲ, ಆದರೆ ದೋಷದ ಮೂಲ ಓದಲು ನಾನು ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ.

ಚಿಕ್ಕ ಲ್ಯಾಪ್‌ಟಾಪಿನಲ್ಲಿ ಇಷ್ಟೆಲ್ಲವೂ ಒಟ್ಟಿಗೆ ಹಿಡಿಸುವುದಿಲ್ಲ ಎಂಬುದು ನಿಜವಾದ ಕೊರತೆ. ಯಾವುದೇ ಟ್ಯಾಬಿನ ತಲೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಇಡೀ ವಿಂಡೋ ತುಂಬುತ್ತದೆ, ಮತ್ತೆ ಹಾಗೆಯೇ ಮಾಡಿದರೆ ಹಳೆಯ ಜಾಗಕ್ಕೆ ಮರಳುತ್ತದೆ. ತಪ್ಪಿ ಯಾವುದಾದರೂ ಟ್ಯಾಬ್ ಮುಚ್ಚಿಹೋದರೆ ವಿಂಡೋ ಮೆನುವಿನ ಶೋ ವ್ಯೂ ಅದನ್ನು ಮರಳಿ ತರುತ್ತದೆ. ಎಲ್ಲವೂ ಅಸ್ತವ್ಯಸ್ತವಾದರೆ ಅದೇ ಮೆನುವಿನ ರಿಸೆಟ್ ಪರ್ಸ್ಪೆಕ್ಟಿವ್ ಮೊದಲಿನ ಜೋಡಣೆಯನ್ನು ಕೊಡುತ್ತದೆ.

ಫ್ರಾನ್ಸಿನಲ್ಲಿ 2005ರಲ್ಲಿ ಆರಂಭವಾದ ಟ್ಯಾಲೆಂಡ್ ಕಂಪನಿಯನ್ನು 2023ರಲ್ಲಿ ಕ್ಲಿಕ್ (Qlik) ಎಂಬ ಕಂಪನಿ ಕೊಂಡುಕೊಂಡಿತು, ಮತ್ತು ಉಚಿತವಾದ ಓಪನ್ ಸ್ಟುಡಿಯೊ 2024ರ ಜನವರಿ 31ಕ್ಕೆ ನಿಂತಿತು. ನನ್ನ ಗಣಕದಲ್ಲಿರುವ ಪ್ರತಿ ಇನ್ನೂ ತೆರೆದುಕೊಳ್ಳುತ್ತದೆ, ಆದರೆ ಹೊಸ ಕೆಲಸವನ್ನು ಅದರಲ್ಲಿ ಆರಂಭಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಣ ಕೊಟ್ಟು ಪಡೆಯುವ ಟ್ಯಾಲೆಂಡ್ ಸ್ಟುಡಿಯೊದ ವಿಂಡೋದಲ್ಲಿಯೂ ಇದೇ ಜೋಡಣೆ ಇರುವುದರಿಂದ ಮೇಲೆ ಬರೆದ ದಾರಿಗಳು ಅಲ್ಲಿಯೂ ನಡೆಯುತ್ತವೆ. ಹಳೆಯ ಜಾಬ್‌ಗಳನ್ನು ಉಳಿಸಿಕೊಳ್ಳಬೇಕಾದವರು ರೆಪಾಸಿಟರಿಯಲ್ಲಿ ಜಾಬಿನ ಮೇಲೆ ಬಲ ಕ್ಲಿಕ್ ಮಾಡಿ ಬಿಲ್ಡ್ ಜಾಬ್ ಆರಿಸಲಿ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡಿಸಬಹುದಾದ ಜಿಪ್ ಕಡತವೊಂದು ಸಿಗುತ್ತದೆ. ಅದಕ್ಕೆ ಜಾವಾ ಇದ್ದರೆ ಸಾಕು, ಸ್ಟುಡಿಯೊ ಬೇಡ. ನಾನು ಕಟ್ಟಿದ ಜಾಬ್‌ಗಳಲ್ಲಿ ಹದಿನೇಳು ಈಗಲೂ ಪ್ರತಿ ರಾತ್ರಿ ಹಾಗೆಯೇ ಓಡುತ್ತಿವೆ.